ಮೂರಂತಸ್ತಿನ ಲಂಗೋಟಿ ಕೇಕು

ನವೆಂಬರ್ 8, 2000, ಬುಧವಾರ

ಈ ಡೈರಿ ಹತ್ತು ತಿಂಗಳು ಖಾಲಿ ಬಿದ್ದಿತ್ತು. ಆಟೋ ನಗರದ ವರ್ಕ್‌ಶಾಪಿಗೆ ಬೇರಿಂಗ್ ಮಾರುವವರು ಕೊಟ್ಟದ್ದನ್ನು ನಮ್ಮವರು ಜನವರಿಯಲ್ಲಿ ಮನೆಗೆ ತಂದು, "ನಿನ್ನ ಹೊಲಿಗಿ ಅಳತಿ ಬರಕೋ" ಎಂದಿದ್ದರು. ಅಳತೆ ಬರೆದುಕೊಳ್ಳಲು ನನಗೆ ಡೈರಿ ಬೇಕೇ? ಅನಗೋಳದ ಯಾವ ಹೆಂಗಸಿನ ಭುಜ ಎಷ್ಟು, ಯಾರ ತೋಳು ದೀಪಾವಳಿಯಿಂದ ದೀಪಾವಳಿಗೆ ಎಷ್ಟು ದಪ್ಪವಾಯಿತು, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿದೆ. ಇವತ್ತು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಒಂದು ಗುಟ್ಟಿದೆ. ಈ ವಠಾರದಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ನಳದ ಹತ್ತಿರ ಚರ್ಚೆಯಾಗುತ್ತದೆ.

ಸದಾಶಿವನಗರದ ಡಾಕ್ಟರ್ ಬಾಯಿಯವರಿಗೆ ಬ್ಲೌಸ್ ಕೊಡಲು ಹೋಗಿದ್ದೆ. ಅವರು ಹಾಕಿಕೊಂಡು ನೋಡುವವರೆಗೆ ಮೇಜಿನ ಮೇಲಿದ್ದ ಇಂಗ್ಲಿಷ್ ಪತ್ರಿಕೆ ತಿರುವಿದೆ. ಒಂದು ಪುಟದಲ್ಲಿ ಮೂರಂತಸ್ತಿನ ಬಿಳಿಯ ಕೇಕು, ಸುತ್ತಲೂ ರಿಬ್ಬನ್. ಮದುವೆಯದೇನೋ ಅಂದುಕೊಂಡೆ. ಡಾಕ್ಟರ್ ಬಾಯಿ ನಕ್ಕರು. "ಅನುರಾಧಾ, ತಿನ್ನೋ ಕೇಕ್ ಅಲ್ಲದು. ಕೂಸಿನ ಡೈಪರ್ ಸುತ್ತಿ ಸುತ್ತಿ ನಿಲ್ಲಿಸ್ಯಾರ. ಹೊರದೇಶದಾಗ ಬಸುರಿ ಹೆಂಗಸಿನ ಕುಬಸಕ್ಕ ಕೊಡ್ತಾರ."

ಕೂಸಿನ ಕುಂಡಿಗೆ ಕಟ್ಟುವುದರಿಂದ ಕೇಕು! ಬಸ್ ಸ್ಟಾಪಿನವರೆಗೂ ಒಬ್ಬಳೇ ನಗುತ್ತ ಬಂದೆ. ಅನಗೋಳದಲ್ಲಿ ಇಳಿಯುವ ಹೊತ್ತಿಗೆ ನಗು ಹೋಗಿ ಲೆಕ್ಕ ಶುರುವಾಗಿತ್ತು. ಯಾವ ಬಟ್ಟೆ, ಎಷ್ಟಗಲ, ನಡುವೆ ನಿಲ್ಲಿಸಲು ಏನು.

ಪಕ್ಕದ ಮನೆಯ ಮಗಳು ಮೇಘಾ ಈಗ ಎಂಟು ತಿಂಗಳ ಬಸುರಿ.

ನವೆಂಬರ್ 12, ರವಿವಾರ

ಮೇಘಾಳ ಪತ್ರ ಮೊನ್ನೆ ಬಂತು. ಅಡ್ರೆಸ್ ನೋಡಿಯೇ ಅವಳ ಅಕ್ಷರ ಅಂತ ಗೊತ್ತಾಯಿತು, ಕೊಂಬು ದೊಡ್ಡದು, ಒತ್ತಕ್ಷರ ಇರುವೆಯಷ್ಟು.

"ಅನಕ್ಕಾ, ಒಂಬತ್ತರಲ್ಲಿ ಕುಬಸ ಇಟ್ಟಿದ್ದಾರೆ. ಡಿಸೆಂಬರ್ 4, ಸೋಮವಾರ, ಖಾನಾಪುರದ ಮನೆಯಲ್ಲೇ. ಬೆಳಿಗ್ಗೆ ಬಾ. ಆಮೇಲೆ ಅವ್ವನ ಜೊತೆ ಬಾಣಂತನಕ್ಕೆ ಅನಗೋಳಕ್ಕೇ ಬರುತ್ತೇನೆ." ಸೋಮವಾರ ಎನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ನಾನು ಮರೆಯುತ್ತೇನೆಂದು ಹೆದರಿಕೆ ನೋಡು ಹುಡುಗಿಗೆ.

ಅವಳು ಹುಟ್ಟಿ ಬೆಳೆದದ್ದು ನಮ್ಮ ಗೋಡೆಯ ಆಚೆ. ಅವರು ಲಿಂಗಾಯತರು, ನಾವು ಕುರುಬರು. ಗೋಡೆಗೆ ಅದು ಗೊತ್ತಿರಲಿಲ್ಲ. ನಾನು ಮದುವೆಯಾಗಿ ಈ ವಠಾರಕ್ಕೆ ಬಂದಾಗ ಅವಳು ಎರಡು ಜಡೆಯ ಹುಡುಗಿ, ಹೊಲಿಗೆ ಕಲಿಯುತ್ತೇನೆಂದು ನನ್ನ ಮಷೀನಿನ ಹತ್ತಿರ ಬಂದು ಕುಳಿತವಳು ಏಳಲೇ ಇಲ್ಲ. ಮೊದಲ ಉಡಿಯ ಮಾತನ್ನು ಪತ್ರದಲ್ಲಿ ಬರೆದಿಲ್ಲ. ನೆನಪಿರುವುದನ್ನು ಯಾರು ಬರೆಯುತ್ತಾರೆ? "ನನ್ನ ಕುಬಸದಾಗ ಮೊದಲ ಉಡಿ ನೀನ ತುಂಬಬೇಕು" ಎಂದು ಎರಡು ವರ್ಷದ ಹಿಂದೆ ನನ್ನ ಕೈ ಹಿಡಿದು ಹೇಳಿದವಳು ಅವಳೇ, ನಾನೇನೂ ಕೇಳಿರಲಿಲ್ಲ.

ನವೆಂಬರ್ 16, ಗುರುವಾರ

ಖಡೇಬಜಾರಿನ ಬಟ್ಟೆ ಅಂಗಡಿಯಿಂದ ಥಾನು ಸುತ್ತುವ ರಟ್ಟಿನ ಕೊಳವೆ ಬೇಡಿ ತಂದೆ. ಅದು ಕೇಕಿನ ಬೆನ್ನೆಲುಬು. ಔಷಧಿ ಅಂಗಡಿಯಲ್ಲಿ ಡೈಪರ್ ಕೇಳಿದರೆ ಅವನು ನನ್ನ ಹೊಟ್ಟೆಯನ್ನು ನೋಡಿದ. ನೋಡಲಿ. ಹೊರಗಿನ ಸುತ್ತಿಗೆ ಆಗುವಷ್ಟು ಮಾತ್ರ ಕೊಂಡೆ. ಒಳಗೆಲ್ಲ ಬಟ್ಟೆಯ ಲಂಗೋಟಿ. ಆ ಪ್ಲಾಸ್ಟಿಕ್ಕನ್ನು ಕೂಸು ಎಷ್ಟು ಹೊತ್ತು ತಡೆದೀತು?

ಪಕ್ಕದ ಅಕ್ಕವ್ವ ಕಾಕುಗೆ, ಅಂದರೆ ಮೇಘಾಳ ತಾಯಿಗೆ, ಹಳೆಯ ಧೋತರ ಇದ್ದರೆ ಕೊಡಿ ಎಂದೆ. ಯಾಕೆ ಎಂದು ಕೇಳಲಿಲ್ಲ, ಗೊತ್ತಾಗಿರಬೇಕು. ಒಂದು ಗಂಟು ತಂದು ಹಾಕಿದರು. "ನಾಕ್ ಮಕ್ಕಳು ಬೆಳೆದ ಮನಿ ಅರಿವಿ ಇದು. ಮೊದಲ ಮೈಗೆ ಇಂಥಾದ್ದ ಹಾಕಬೇಕು ನೋಡವ್ವ. ಹೊಸಾದು ಹಾಕಬಾರದು, ಎಲ್ಲಾರ ಮನೀದೂ ಹಾಕಬಾರದು."

ಒಗೆದು ಒಗೆದು ಬೆಣ್ಣೆಯಂತಾದ ಬಟ್ಟೆ. ಹರಿಯುವಾಗ ಸದ್ದೇ ಬರುವುದಿಲ್ಲ.

ನವೆಂಬರ್ 21, ಮಂಗಳವಾರ

ಸುರುಳಿ ನಿಲ್ಲುತ್ತಿಲ್ಲ. ಒಂದೊಂದನ್ನೂ ಸುತ್ತಿ, ದಾರ ಕಟ್ಟಿ, ಕೊಳವೆಯ ಸುತ್ತ ನಿಲ್ಲಿಸಿದರೆ ಜಾರಿ ಜಾರಿ ಬೀಳುತ್ತವೆ. ನಮ್ಮವರು ನೋಡುತ್ತ ಚಹಾ ಕುಡಿದರು. ಸಂಜೆ ವರ್ಕ್‌ಶಾಪಿನಿಂದ ಸ್ಕೂಟರಿನ ಹಳೆಯ ಟ್ಯೂಬನ್ನು ಬಳೆಬಳೆಯಾಗಿ ಕತ್ತರಿಸಿ ತಂದರು. "ಈಗ ಹಾಕ. ಭೂಕಂಪ ಆದ್ರೂ ಬೀಳಂಗಿಲ್ಲ."

ಬೀಳಲಿಲ್ಲ ಖರೆ. ಆದರೆ ಬಿಳಿ ಬಟ್ಟೆಯ ಮೇಲೆಲ್ಲ ಕಪ್ಪು ಗೆರೆ. ಸೋಡಾ ಹಾಕಿ ಎಲ್ಲವನ್ನೂ ಮತ್ತೆ ಒಗೆದೆ. ಬೈದೆ. ಅವರು ಬೈಸಿಕೊಂಡು ನಕ್ಕರು. ಲಕ್ಷ್ಮಣ ಎಂದು ಹೆಸರಿರುವವರಿಗೆ ವನವಾಸದ ತಾಳ್ಮೆಯೂ ಸಿಗುತ್ತದೋ ಏನೋ. ಈ ಮನೆಯಲ್ಲಿ ನಾವಿಬ್ಬರೂ ಹೀಗೆ ಒಂದು ಕೆಲಸಕ್ಕೆ ಕೂತು ಎರಡು ವರ್ಷವಾಗಿತ್ತು.

ನವೆಂಬರ್ 22, ಬುಧವಾರ

ಟ್ಯೂಬಿನ ಬದಲು ಲಂಗದ ಇಲಾಸ್ಟಿಕ್ ಹಾಕಿದೆ. ಮೇಲಿನ ಎರಡು ಅಂತಸ್ತು ಸರಿಯಾದವು. ಕೆಳಗಿನದರ ಒಳಸುತ್ತಿಗೆ ಬಟ್ಟೆ ಸಾಲಲಿಲ್ಲ. ಹನ್ನೆರಡು ಕಡಿಮೆ.

ಅಟ್ಟದ ಮೇಲಿನ ಹಸಿರು ಟ್ರಂಕಿನಲ್ಲಿ ಸರಿಯಾಗಿ ಹನ್ನೆರಡು ಇವೆ.

ಬರೆಯುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. 98ರ ಆಗಸ್ಟ್‌ನಲ್ಲಿ ನಮ್ಮ ಕೂಸು ಹುಟ್ಟಿತು, ಮೂರನೆಯ ದಿನ ಹೋಯಿತು. ಆಸ್ಪತ್ರೆಯಿಂದ ಮನೆಗೇ ಬರಲಿಲ್ಲ. ಹೀಗಾಗಿ ಲಂಗೋಟಿಗಳು ಮಡಿಕೆ ಬಿಚ್ಚದೆ ಉಳಿದವು. ನಾನು ಮತ್ತು ಮೇಘಾ ಇದೇ ಕಿಟಕಿಯಡಿ ಕೂತು ಹೊಲಿದಿದ್ದೆವು, ಆರು ಅವಳು, ಆರು ನಾನು. ಮೂಲೆಗೆ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿದವಳು ನಾನು. ನಮ್ಮಜ್ಜ ಕುರಿಗಳಿಗೆ ಕೆಂಪು ಹಚ್ಚುತ್ತಿದ್ದ, ಹಿಂಡು ಬೆರೆತರೂ ನಮ್ಮದು ನಮಗೆ ತಿಳಿಯಲಿ ಎಂದು. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮೇಘಾ ಎಲ್ಲವನ್ನೂ ಟ್ರಂಕಿಗೆ ಹಾಕಿ ಅಟ್ಟಕ್ಕೆ ಏರಿಸಿದ್ದಳು. ಉಡಿಯ ಮಾತು ಹೇಳಿದ್ದು ಆ ವಾರವೇ.

ಇಳಿಸಿದೆ. ನುಸಿಗುಳಿಗೆಯ ವಾಸನೆ, ಅಷ್ಟೇ. ಬಟ್ಟೆ ಚೊಕ್ಕಟ ಇದೆ. ಇಂಥ ಬಟ್ಟೆ ಸುಮ್ಮನೆ ಹಾಳಾಗುವುದೇಕೆ? ಹನ್ನೆರಡನ್ನೂ ಸುತ್ತಿ ಕೊಳವೆಗೆ ತೀರ ಹತ್ತಿರದ ಸುತ್ತಿನಲ್ಲಿ ಇಟ್ಟೆ, ಕೆಂಪು ಗುರುತು ಒಳಗೆ ಮಾಡಿ. ಅದರ ಸುತ್ತ ಧೋತರದವು, ಅದರ ಸುತ್ತ ಅಂಗಡಿಯವು. ಹೊರಗಿನಿಂದ ಏನೂ ಕಾಣುವುದಿಲ್ಲ. ಯಾರಿಗೂ ಹೇಳುವ ಅವಶ್ಯಕತೆ ಇಲ್ಲ. ನಮ್ಮವರಿಗೂ.

ನವೆಂಬರ್ 29, ಬುಧವಾರ

ಅಕ್ಕವ್ವ ಕಾಕು ಖಾನಾಪುರಕ್ಕೆ ಹೋದರು, ಮುಂಚೆ ಹೋದರೆ ಕರಜಿಕಾಯಿ, ಚಕ್ಕುಲಿಗೆ ಕೈ ಹಚ್ಚಬಹುದಂತೆ. ಬೀಗದ ಕೈ ನನ್ನ ಕೈಯಲ್ಲಿ ಇಟ್ಟು, "ತುಳಸಿಗೆ ನೀರ ಹಾಕವ್ವ. ಜಲ್ದಿ ಬಾ ಮತ್ತ, ನೀ ಬರೂತನಕಾ ಉಡಿ ಸುರು ಆಗಂಗಿಲ್ಲ" ಎಂದರು. ಕಾಕು ಓದು ಬಾರದವರು, ಆದರೆ ಮಗಳು ಎರಡು ವರ್ಷದ ಹಿಂದೆ ಆಡಿದ ಮಾತನ್ನು ನೆನಪಿಟ್ಟಿದ್ದಾರೆ.

ಡಿಸೆಂಬರ್ 1, ಶುಕ್ರವಾರ

ಮುಗಿಯಿತು! ಮೂರಂತಸ್ತು. ಪ್ರತಿ ಅಂತಸ್ತಿಗೆ ಹಸಿರು ರಿಬ್ಬನ್ನು, ನನ್ನ ಮದುವೆಯ ಸೀರೆಯಿಂದ ಬಿಡಿಸಿದ ಜರಿಯಂಚು. ತುದಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ, ಕೆಂಪು ಖಣದ್ದು, ಒಳಗೆ ಮಲ್ಲಿನ ಅಸ್ತರು. ಅದಕ್ಕೆ ಒಂದು ಗಿಲಕಿ ಕಟ್ಟಿದ್ದೇನೆ, ಅಲುಗಾಡಿಸಿದರೆ ಸದ್ದಾಗುತ್ತದೆ. ಡಾಕ್ಟರ್ ಬಾಯಿಯ ಪತ್ರಿಕೆಯಲ್ಲಿದ್ದದ್ದು ಇದರ ಮುಂದೆ ಏನೂ ಅಲ್ಲ. ಹೆಮ್ಮೆ ಅಂದರೆ ಹೆಮ್ಮೆಯೇ. ನಮ್ಮವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕತ್ತರಸಾಕ ಚಾಕು ತರಲೇನ?" ಎಂದರು.

ಬೆಳಿಗ್ಗೆ ಕಾಕುವಿನ ತುಳಸಿಗೆ ನೀರು ಹಾಕಿ, ಅಂಗಳ ಗುಡಿಸಿ, ಎರಡೆಳೆ ರಂಗೋಲಿಯನ್ನೂ ಹಾಕಿದೆ. ಮನಸ್ಸು ತುಂಬ ಹಗುರ ಇತ್ತು. ಇನ್ನು ಮೂರು ದಿನ.

ಡಿಸೆಂಬರ್ 4, ಸೋಮವಾರ

ಹೋಗಿ ಬಂದೆ. ಇವತ್ತು ಬರೆಯುವುದಿಲ್ಲ.

ಡಿಸೆಂಬರ್ 5, ಮಂಗಳವಾರ

ಬರೆಯುತ್ತೇನೆ. ಬರೆಯದಿದ್ದರೆ ನಾಳೆ ನಾನೇ ಇದಕ್ಕೆ ಏನಾದರೂ ನೆವ ಹುಡುಕಿಬಿಡುತ್ತೇನೆ.

ಮೊದಲ ಬಸ್ಸಿಗೇ ಹೊರಟಿದ್ದೆ. ಕೇಕನ್ನು ತೊಡೆಯ ಮೇಲೆ ಇಟ್ಟುಕೊಂಡು ಧೂಳು ಬೀಳದಂತೆ ಸೀರೆಯ ಸೆರಗಿನಿಂದ ಮರೆಮಾಡಿದ್ದೆ. ಕಂಡಕ್ಟರ್, "ಇದಕ್ಕೊಂದು ತಿಕೀಟ ಆಗತೈತ್ರೀ ಅಕ್ಕಾರ" ಎಂದು ಚೇಷ್ಟೆ ಮಾಡಿದ. ಪಕ್ಕದಲ್ಲಿ ಕೂತ ಮರಾಠಿ ಅಜ್ಜಿ, "ಹಾ ಕಸಲಾ ಕೇಕ್, ಬಾಯಿ?" ಇದೆಂಥ ಕೇಕು ಎಂದು ಬೆರಳಿನಿಂದ ಒತ್ತಿ ನೋಡಿದಳು. ಕೂಸಿನದು ಎಂದು ಹೇಳಿದೆ. ಅಜ್ಜಿ ಕೂಸು ನಿನ್ನದೇ ಎನ್ನುವಂತೆ ನೋಡಿ, ನನ್ನ ತಲೆ ಸವರಿದಳು. ನಾನು ಬೇಡ ಅನ್ನಲಿಲ್ಲ.

ಮನೆಯ ಮುಂದೆ ಇಬ್ಬರು ಆಳುಗಳು ಹಂದರದ ಬೊಂಬು ಹಿಡಿದು ನಿಂತಿದ್ದರು. ಈಗ ಹಾಕುತ್ತಿದ್ದಾರೆ, ನಾನೇ ಬೇಗ ಬಂದೆ ಅಂದುಕೊಂಡೆ. ಅವರು ಬೊಂಬುಗಳನ್ನು ಟೆಂಪೋಗೆ ಏರಿಸುತ್ತಿದ್ದರು. ಬಾಗಿಲ ತೋರಣದ ಚೆಂಡುಹೂ ಕಂದಿತ್ತು. ದಿನ ಬದಲಾಗಿರಬೇಕು, ತಿಳಿಸಲು ಆಗಿರಲಿಕ್ಕಿಲ್ಲ, ಪತ್ರ ತಡವಾಗಿರಬೇಕು. ಕಟ್ಟೆ ಏರುವ ಐದು ಹೆಜ್ಜೆಯಲ್ಲಿ ಇಷ್ಟೆಲ್ಲ ಯೋಚಿಸಿದೆ. ಆಗ ಅಕ್ಕವ್ವ ಕಾಕು ಹೊರಗೆ ಬಂದು ನನ್ನ ಹಣೆ ಮುಟ್ಟಿದರು.

"ಜ್ವರ ಇಳೀತೇನವ್ವಾ?"

ನನಗೆ ಜ್ವರ ಬಂದು ಒಂದು ವರ್ಷವಾಯಿತು.

ಒಳಗೆ ಮೇಘಾ ಮಂಚದ ಮೇಲೆ ಕುಳಿತಿದ್ದಳು. ಎರಡೂ ಕೈ ತುಂಬ ಹಸಿರು ಬಳೆ. ನನ್ನನ್ನು ನೋಡಿದಳು, ಕೇಕನ್ನು ನೋಡಿದಳು, ಆಮೇಲೆ ನೆಲ ನೋಡಿದವಳು ಮತ್ತೆ ತಲೆ ಎತ್ತಲಿಲ್ಲ.

ಅವಳ ಅತ್ತೆ ಗಂಗಾದೇವಿಯವರು ನನ್ನ ಕೈಯಿಂದ ಕೇಕನ್ನು ದೇವರ ತಟ್ಟೆಯಂತೆ ಎರಡೂ ಕೈಯಲ್ಲಿ ಇಸಿದುಕೊಂಡರು. "ಎಷ್ಟ ಚಂದ ಮಾಡೀರಿ! ಬರ್ರಿ, ಕುಂದರ್ರಿ. ಶುಕ್ರವಾರ ನಿಮ್ಮ ಹಾದಿ ಭಾಳ ನೋಡಿದ್ವಿ. ಮೊದಲ ಉಡಿ ಅನುರಾಧಾನ ತುಂಬಬೇಕಂತ ಮದವಿ ಆದಾಗಿಂದ ಹೇಳತಿದ್ಲಲ್ಲ ನಮ್ಮ ಮೇಘಾ, ನಾ ತಾಟ ಬ್ಯಾರೇನ ತಗದಿಟ್ಟಿದ್ದೆ. ಜ್ವರ ಅಂತ ಫೋನ್ ಬಂದಿತ್ತಂತ ಈಕಿ ಹೇಳಿದ ಮ್ಯಾಲೆ ಉಳದವರ ಕಡೆ ತುಂಬಿಸಿದ್ವಿ."

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ಅಳುಕು ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ: ಕೂಸು ಕಳೆದುಕೊಂಡವಳ ಕೈ ಬೇಡ ಎಂದು ಅತ್ತೆ ಅಂದರೆ? ಅತ್ತೆ ಅನ್ನಲಿಲ್ಲ. ಊರೂ ಅನ್ನಲಿಲ್ಲ. ಶುಕ್ರವಾರದ ಕುಬಸಕ್ಕೆ ಸೋಮವಾರ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದವಳು ಮೇಘಾ. ಜ್ವರ ತಂದಿಟ್ಟವಳೂ ಅವಳೇ.

"ಹೌದ್ರಿ, ಇಳೀತು" ಎಂದೆ.

ಯಾಕೆ ಹಾಗೆ ಹೇಳಿದೆನೋ. ಅವಳ ಸುಳ್ಳನ್ನು ನಾನೇ ಹೊತ್ತು ದಡ ಮುಟ್ಟಿಸಿದೆ. ಹೋಳಿಗೆ ಬಡಿಸಿದರು, ಅಂಚು ಒಣಗಿತ್ತು. ಎರಡು ತಿಂದೆ. ಶುಕ್ರವಾರ ಇಲ್ಲಿ ಐದು ಮುತ್ತೈದೆಯರು ಅವಳ ಉಡಿ ತುಂಬುವಾಗ ನಾನು ಅವಳ ತವರಿನ ತುಳಸಿಗೆ ನೀರು ಹಾಕಿ, ರಂಗೋಲಿ ಬಿಡಿಸುತ್ತಿದ್ದೆ.

ನಮ್ಮವರಿಗೆ, ಕುಬಸ ಚೆನ್ನಾಗಿ ಆಯಿತು ಎಂದು ಹೇಳಿದ್ದೇನೆ.

ಡಿಸೆಂಬರ್ 7, ಗುರುವಾರ

ಪತ್ರವನ್ನು ಮತ್ತೆ ಓದಿದೆ. ತಪ್ಪಿ ಬರೆದಿರಬಹುದು ಎನ್ನಲು ಜಾಗವೇ ಇಲ್ಲ. ವಾರವೂ ಇದೆ, ತಾರೀಖೂ ಇದೆ.

ಬ್ಲೌಸಿಗೆ ತೋಳನ್ನು ಉಲ್ಟಾ ಜೋಡಿಸಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ.

ಆ ಹನ್ನೆರಡು ಅಲ್ಲಿವೆ. ಅವಳ ಮನೆಯಲ್ಲಿ. ಅದನ್ನು ನೆನೆದಾಗಲೆಲ್ಲ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಬೇಕೆನಿಸುತ್ತದೆ.

ಡಿಸೆಂಬರ್ 10, ರವಿವಾರ

ಅವಳ ಗಂಡ ರೋಹನ ಜೀಪಿನಲ್ಲಿ ತಂದು ಬಿಟ್ಟು ಹೋದ. ಈಗ ಗೋಡೆಯ ಆಚೆ ಇದ್ದಾಳೆ. ಬಳೆಯ ಸದ್ದು ಈ ಕಡೆಗೆ ಕೇಳುತ್ತದೆ, ಹೊರಳಿದರೂ ಕೇಳುತ್ತದೆ. ಇಷ್ಟು ತೆಳುವಾದ ಗೋಡೆಯನ್ನು ಯಾವ ಗವಂಡಿ ಕಟ್ಟಿದನೋ.

ಕೇಕೂ ಬಂದಿದೆ. ಜೀಪಿನಿಂದ ಕಾಕು ಅದನ್ನು ಕೂಸಿನಂತೆ ಎತ್ತಿಕೊಂಡು ಇಳಿದರು. ಬಿಚ್ಚಿಲ್ಲ. ರಿಬ್ಬನ್ ನಾನು ಕಟ್ಟಿದಂತೆಯೇ ಇದೆ.

ಡಿಸೆಂಬರ್ 14, ಗುರುವಾರ

ಮಾತಿಲ್ಲ. ನಾನು ನಳಕ್ಕೆ ಹೋದಾಗ ಅವಳು ಒಳಗೆ, ಅವಳು ಕಟ್ಟೆಗೆ ಬಂದರೆ ನಾನು ಒಳಗೆ. ಕಾಕು ನಡುವೆ ಸಿಕ್ಕು, "ಏನಾಗೇತಿ ನಿಮಗ? ಎರಡ ದನಾ ಒಂದ ಗೋದ್ಲಿಗೆ ಕಟ್ಟಿದಂಗ ಮಾಡ್ತೀರಿ" ಎನ್ನುತ್ತಾರೆ. ಪಾಪ, ಅವರಿಗೆ ಇನ್ನೂ ನನಗೆ ಜ್ವರ ಬಂದಿತ್ತೆಂದೇ ನಂಬಿಕೆ. ಕಷಾಯ ಮಾಡಿ ಕಳಿಸುತ್ತಾರೆ. ನಾನು ಕುಡಿಯುತ್ತೇನೆ.

ಎಲ್ಲರೂ ಬಿಟ್ಟರೂ ನಡೆದೀತು ಎಂದುಕೊಂಡಿದ್ದ ದಿನಗಳಲ್ಲಿ ನನ್ನ ಹತ್ತಿರ ಕೂತಿದ್ದವಳು ಅವಳೊಬ್ಬಳೇ. ನನ್ನ ಎದೆಹಾಲು ಇಂಗಲೆಂದು ಮಲ್ಲಿಗೆ ಅರೆದು ಕಟ್ಟಿದವಳು, ಹತ್ತೊಂಬತ್ತು ವರ್ಷದ ಹುಡುಗಿ, ಮುಖ ತಿರುಗಿಸದೆ ಕಟ್ಟಿದವಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾಲ್ಕು ಬೈದು ಮರೆಯುತ್ತಿದ್ದೆ.

ಡಿಸೆಂಬರ್ 19, ಮಂಗಳವಾರ

ಮಧ್ಯಾಹ್ನ ತಾನೇ ಬಂದಳು. ಬಾಗಿಲಿಗೆ ಒರಗಿ ನಿಂತಳು, ಹೊಟ್ಟೆ ಭಾರವಾಗಿ ಕೂರಲೂ ಕಷ್ಟ. ನಾನು ಮಷೀನು ನಿಲ್ಲಿಸಲಿಲ್ಲ.

"ಅನಕ್ಕಾ, ನಿನ್ನ ಕೈ ಚಲೋ ಅಲ್ಲಂತ ನಾ ಹಂಗ ಮಾಡಲಿಲ್ಲ."

"ಮತ್ತ?"

"ಹೆದರಿಕಿ ಆತು."

"ಯಾರ ಹೆದರಿಸಿದ್ರು? ನಿಮ್ಮತ್ತಿ?"

"ಯಾರೂ ಇಲ್ಲ. ನಂಗ ನಾನ ಹೆದರಿದೆ. ಒಳಗ ಒದಿಯಾಕ ಸುರು ಮಾಡಿದ ಮ್ಯಾಲೆ… ನೀ ಮುಂದ ಕುಂತು ಉಡಿ ತುಂಬಿದ್ರ ನನಗ ಆ ದವಾಖಾನಿ ನೆನಪ ಆಗತೈತಿ ಅನಸ್ತು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಅದಕ್ಕ ದಿನಾ ತಪ್ಪಿಸಿ ಬರದೆ."

"ನಿನಗ ನೆನಪ ಆಗಬಾರದಂತ ನನಗ ಜ್ವರಾ ಬರಿಸಿದಿ."

ಸುಮ್ಮನೆ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಒಂದೇ ಸಲ, ಅದೂ ನನಗಾಗಿ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಮಷೀನಿನಿಂದ ಕಾಲು ತೆಗೆದು, ಅವಳ ಮುಖ ನೋಡಿ ಹೇಳಿದೆ.

"ಆ ಕೇಕಿನ ನಟ್ಟನಡುವ ಏನೈತಿ ಗೊತ್ತೇನು? ಹಸರ ಟ್ರಂಕಿನ್ಯಾಗ ನೀ ತುಂಬಿಟ್ಟಿದ್ದಿ ನೋಡು, ಅವ. ಹನ್ನೆರಡೂ. ನನ್ನ ಕೈ ತಪ್ಪಿಸಿದಿ, ಅವು ಬಂದು ನಿನ್ನ ಮನ್ಯಾಗ ಕುಂತಾವು."

ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಳೆಗಳೆಲ್ಲ ಒಮ್ಮೆಲೇ ಮೊಣಕೈಗೆ ಜಾರಿದವು. ತಿರುಗಿ ಹೋದಳು.

ಸರಿಯಾಗಿ ತಾಗಿತು. ಖುಷಿಯಾಯಿತು, ಸುಳ್ಳೇಕೆ ಬರೆಯಲಿ. ಚೆನ್ನಾಗಿ ಊಟ ಮಾಡಿದೆ.

ಡಿಸೆಂಬರ್ 23, ಶನಿವಾರ

ನಾಲ್ಕು ದಿನದಿಂದ ಕಾಯುತ್ತಿದ್ದೇನೆ. ಇವತ್ತು ಎಸೆಯುತ್ತಾಳೆ, ನಾಳೆ ಕಾಕುವಿನ ಕೈಯಲ್ಲಿ ಗಂಟು ಕಟ್ಟಿ ಕಳಿಸುತ್ತಾಳೆ. ತಿಪ್ಪೆಯ ಕಡೆಗೂ ಹೋಗಿ ನೋಡಿಬಂದೆ. ಏನೂ ಇಲ್ಲ. ಅವಳು ಕಾಕುವಿಗೆ ಹೇಳಿಲ್ಲ, ಹೇಳಿದ್ದರೆ ಈ ವಠಾರ ಇಷ್ಟು ತಣ್ಣಗಿರುತ್ತಿರಲಿಲ್ಲ.

ಬಸುರಿಗೆ ಅಂಥ ಮಾತು ಆಡಬಾರದಿತ್ತೇನೋ. ಆದರೆ ಅವಳು ಆಡಿದ್ದು? ಅವಳದು ಮೊದಲು. ಇದನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ.

ಇಂದು ಕಿಟಕಿಯಿಂದ ಕಂಡಳು. ಕಾಲು ಬಾತಿವೆ. ಕಾಕುವಿಗೆ ಹೇಳಬೇಕು, ಉಪ್ಪು ಕಡಿಮೆ ಮಾಡಲಿ.

ಜನವರಿ 5, 2001, ಶುಕ್ರವಾರ

ಹೊಸ ಡೈರಿ ಕೊಡಲು ಬೇರಿಂಗಿನವರು ಇನ್ನೂ ಬಂದಿಲ್ಲ. ಹಳೆಯದರ ಜನವರಿ ಖಾಲಿ ಇದೆ, ವಾರವನ್ನು ಹೊಡೆದುಹಾಕಿ ಅದರಲ್ಲೇ ಬರೆಯುತ್ತಿದ್ದೇನೆ.

ಬೆಳಗಿನ ಆರಕ್ಕೆ ಹೆಣ್ಣು ಹುಟ್ಟಿತು. ಬೇನೆ ಶುರುವಾದಾಗ ಕಾಕು ನಮ್ಮ ಬಾಗಿಲನ್ನೇ ಬಡಿದರು, ನಮ್ಮವರು ಟೆಂಪೋ ತಂದರು. ನಾನೂ ಹತ್ತಿದೆ. ಹತ್ತಬಾರದು ಎಂದುಕೊಳ್ಳುತ್ತಲೇ ಹತ್ತಿದೆ. ಆಸ್ಪತ್ರೆಯ ಒಳಗೆ ಹೋಗಲಿಲ್ಲ, ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಅದೇ ಆಸ್ಪತ್ರೆ.

ಅತ್ತ ಸದ್ದು ಗೇಟಿನವರೆಗೂ ಬಂತು. ಗಟ್ಟಿ ದನಿ.

ಜನವರಿ 7, ರವಿವಾರ

ಬೆಳಿಗ್ಗೆ ಮನೆಗೆ ಕರೆತಂದರು. ಇವತ್ತು ಮೂರನೆಯ ದಿನ. ಯಾರೂ ಎಣಿಸುತ್ತಿಲ್ಲ, ನಾನೊಬ್ಬಳೇ.

ಮಧ್ಯಾಹ್ನ ನೀರು ತರಲು ಹಿತ್ತಲಿಗೆ ಹೋದೆ. ಎರಡೂ ಮನೆಗೆ ಒಂದೇ ಹಗ್ಗ. ಅದರ ಮೇಲೆ ನಾಲ್ಕು ಲಂಗೋಟಿ ಒಣಹಾಕಿದ್ದರು. ಮೂಲೆಯಲ್ಲಿ ಕೆಂಪು ದಾರ, ಮೂರು ಹೊಲಿಗೆ.

ಕೊಡ ಎಲ್ಲಿ ಬಿಟ್ಟೆನೋ ತಿಳಿಯದು. ಹಿತ್ತಲ ಬಾಗಿಲಿನಿಂದಲೇ ಅವರ ಮನೆಗೆ ನುಗ್ಗಿದೆ. ಕಾಕು ಗೊತ್ತಿಲ್ಲದೆ ಕೇಕು ಬಿಚ್ಚಿ ಹಾಕಿಬಿಟ್ಟಿದ್ದಾರೆ, ಇದೇ ತಲೆಯಲ್ಲಿ. ಕೋಣೆಯಲ್ಲಿ ಮೇಘಾ ಒಬ್ಬಳೇ ಇದ್ದಳು, ಪಕ್ಕದಲ್ಲಿ ಕೂಸು, ಖಣದ ಕುಂಚಿಗೆಯಲ್ಲಿ. ನಾನು ಮೊದಲು ಕೂಸಿನ ಮೂಗಿಗೆ ಬೆರಳು ಹಿಡಿದೆ. ಉಸಿರು ಇತ್ತು.

"ತಗೀ ಅವನ್ನ. ಮೇಘಾ, ಈಗಿಂದೀಗ ತಗೀ."

"ಯಾಕ?"

"ಇವತ್ತ ಮೂರನೇ ದಿನಾ ಐತಿ! ಕಾಕುಗೆ ಗೊತ್ತಿಲ್ಲ, ಬಿಚ್ಚಿ ಹಾಕ್ಯಾರ—"

"ಅವ್ವ ಬಿಚ್ಚಿಲ್ಲ. ನಾನ ಬಿಚ್ಚೀನಿ. ದವಾಖಾನಿಗೆ ಹೋಗೂಕಿಂತ ಮೊದಲ ತಗದ, ಒಗದ ಇಟ್ಟಿದ್ದೆ."

"ನಿನಗ ಹೆದರಿಕಿ ಬರಲಿಲ್ಲೇನು?"

"ಬಂದೈತಿ. ಈಗೂ ಐತಿ." ಕೂಸಿನ ಕುಂಚಿಗೆ ಸರಿಮಾಡಿದಳು. "ಆದ್ರ ಇವು ನಾವಿಬ್ರೂ ಕೂಡಿ ಹೊಲದದ್ದು, ಅನಕ್ಕಾ. ಆರು ನನ್ನವೂ ಅದಾವು."

ನಾನು ಬೇಡ ಎಂದೆ. ಕೈಮುಗಿದು ಕೇಳಿದೆ, ತೆಗೆ ಎಂದು. ಅವಳಿಗಿಂತ ನನಗೇ ಹೆಚ್ಚು ಹೆದರಿಕೆಯಾಗಿತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು: ಆ ಹೊತ್ತಿಗೆ ಯಾರಾದರೂ ಪೆನ್ನು ಕೊಟ್ಟು, ತಾರೀಖು ತಪ್ಪಾಗಿ ಬರೆದರೆ ಕೂಸು ಉಳಿಯುತ್ತದೆ ಎಂದಿದ್ದರೆ, ಯಾರ ಮುಖವನ್ನೂ ನೋಡದೆ ಬರೆದುಬಿಡುತ್ತಿದ್ದೆ.

ಸೂರ್ಯ ಮುಳುಗುವವರೆಗೆ ಅಲ್ಲೇ ಕೂತಿದ್ದೆ. ಎರಡು ಸಲ ಒದ್ದೆ ಮಾಡಿತು. ಎರಡು ಸಲವೂ ನಾನೇ ಬದಲಿಸಿದೆ. ಸೊಂಟಕ್ಕೆ ಸರಿಯಾಗಿ ಕೂರುತ್ತದೆ, ನನ್ನ ಅಳತೆ ತಪ್ಪಿರಲಿಲ್ಲ.

ಹಾಗೆಂದು ಅವಳನ್ನು ಕ್ಷಮಿಸಿಲ್ಲ. ಪತ್ರ ಇದೇ ಡೈರಿಯಲ್ಲಿದೆ, ಇರುತ್ತದೆ.

ಜನವರಿ 9, ಮಂಗಳವಾರ

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಪೆನ್ನು ಪಕ್ಕದ ಮನೆಯಲ್ಲಿದೆ.

ಇವತ್ತು ಐದನೆಯ ದಿನ. ಐದಕ್ಕೆ ಸಟವಿ ದೇವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ, ಅವಳ ಮುಂದೆ ಬಿಳಿ ಹಾಳೆ ಮತ್ತು ಪೆನ್ನು ಇಡಬೇಕು. ಅಕ್ಕವ್ವ ಕಾಕು ಸಂಜೆ ಬಾಗಿಲಿಗೆ ಬಂದು, "ನಮ್ಮನ್ಯಾಗ ಚಲೋ ಪೆನ್ ಎಲ್ಲೈತವ್ವ? ನಿನ್ನ ಪೆನ್ ಕೊಡು. ದಿನಾ ಏನೇನೋ ಬರಕೋತ ಕುಂತಿರ್ತಿ, ನಿನ್ನ ಪೆನ್ನಿಗೆ ಬರದು ರೂಢಿ ಐತಿ" ಎಂದರು. ಕಾಕು ಎಲ್ಲ ನೋಡುತ್ತಾರೆ.

ನನ್ನ ಮಗಳಿಗೆ ಸಟವಿ ಬರಲೇ ಇಲ್ಲ. ಅವಳು ಮೂರಕ್ಕೇ ಹೋದಳು, ಇನ್ನೂ ಎರಡು ದಿನ ಬಾಕಿ ಇತ್ತು. ಅವಳ ಹಣೆಯ ಮೇಲೆ ಕೆಟ್ಟದ್ದನ್ನು ಯಾರೂ ಬರೆದಿರ‍ಲಿಲ್ಲ. ಏನನ್ನೂ ಬರೆದಿರಲಿಲ್ಲ.

ಪೆನ್ನನ್ನು ಹಾಗೇ ಕೊಡಲಿಲ್ಲ. ಕಾಕುವನ್ನು ನಿಲ್ಲಿಸಿ, ಓಣಿಯ ಅಂಗಡಿಗೆ ಹೋಗಿ ಹೊಸ ರಿಫಿಲ್ ತಂದು ಹಾಕಿ, ಅಂಗೈ ಮೇಲೆ ಎರಡು ಗೆರೆ ಎಳೆದು ನೋಡಿ ಕೊಟ್ಟೆ. ಹಳೆಯದರಲ್ಲಿ ಶಾಯಿ ಇನ್ನೂ ಸ್ವಲ್ಪ ಇತ್ತು. ಆದರೆ ಆ ಕೂಸಿಗೆ ಬರೆಯುವಾಗ ಅದು ಅರ್ಧಕ್ಕೆ ನಿಲ್ಲಬಾರದು.